ಒಳಗೆ ಬರಬೇಕೋ, ಇನ್ನೊಂದು ಸುತ್ತು ಹೋಗಬೇಕೋ? - ಪಿಟ್ ಸ್ಟಾಪ್ ಲೆಕ್ಕದ ಹಿಂದಿನ ಕಥೆ

ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವವನ ಮುಂದೆ ಸ್ಟೀರಿಂಗು, ಕಾಲ ಬುಡದಲ್ಲಿ ಪೆಡಲು ಇರುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಪಕ್ಕದಲ್ಲಿ ಒಂದು ಹಾಳೆ, ಒಂದು ಪೆನ್ನು ಕೂಡ ಇರುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಆ ಹಾಳೆಯ ಮೇಲೆ ಇರೋದು ಶುದ್ಧ ಏಳನೇ ಕ್ಲಾಸಿನ ಗಣಿತ. ಒಂದಿಷ್ಟು ಗುಣಾಕಾರ, ಭಾಗಾಕಾರ, ಕಳೆಯೋದು. ಅಷ್ಟೇ. ಆದರೆ ಅದನ್ನು ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಹೋಗ್ತಾ ಮಾಡಬೇಕು, ಹಿಂದಿನವನು ಕನ್ನಡಿಯಲ್ಲಿ ದೊಡ್ಡದಾಗ್ತಾ ಬರುವಾಗ ಮಾಡಬೇಕು. ಮಜಾ ಇರೋದೇ ಅಲ್ಲಿ.

ಮೊದಲು ಲೆಕ್ಕ ಏನು ಅಂತ ನೋಡೋಣ, ಆಮೇಲೆ ಕಥೆಗೆ ಬರೋಣ. 45 ಸುತ್ತಿನ ಒಂದು ರೇಸ್ ಇದೆ ಅಂದುಕೊಳ್ಳಿ. ಟ್ಯಾಂಕು 80 ಲೀಟರಿನದು, ಸುತ್ತಿಗೆ 2.8 ಲೀಟರ್ ಕುಡಿಯುತ್ತೆ. ಒಂದು ಟ್ಯಾಂಕಿಗೆ 28 ಸುತ್ತು. ಪೂರ್ತಿ ರೇಸಿಗೆ ಬೇಕಾದ್ದು 126 ಲೀಟರ್. ಅಂದ ಮೇಲೆ ಒಂದು ಸಲ ನಿಲ್ಲಲೇಬೇಕು, 46 ಲೀಟರ್ ತುಂಬಲೇಬೇಕು. ಯಾವಾಗ ನಿಲ್ಲಬೇಕು? 28ನೇ ಸುತ್ತಿನ ಆಚೆ ಹೋದರೆ ದಾರಿಯಲ್ಲೇ ನಿಂತು ಹೋಗ್ತೀರಿ. 17ನೇ ಸುತ್ತಿಗಿಂತ ಮೊದಲೇ ಬಂದರೆ ಟ್ಯಾಂಕು ತುಂಬಿ ತುಳುಕಿದರೂ ಕೊನೆ ತನಕ ಸಾಲೋದಿಲ್ಲ. 17ರಿಂದ 28, ಈ ಕಿಟಕಿಯೊಳಗೆ ಎಲ್ಲಾದರೂ ಸರಿ. ಇಷ್ಟು ಗಣಿತ. ಈ ಹನ್ನೆರಡು ಸುತ್ತುಗಳಲ್ಲಿ ಯಾವುದು ಅನ್ನೋ ಪ್ರಶ್ನೆ ಇದೆಯಲ್ಲ, ಅದು ಗಣಿತ ಅಲ್ಲ. ಅದು ಜೂಜು, ಮನಃಶಾಸ್ತ್ರ, ಸ್ವಲ್ಪ ಮಟ್ಟಿಗೆ ಮೋಸ ಕೂಡ. ಮೋಸದ ಕಥೆ ಮುಂದೆ ಬರುತ್ತೆ.

ಜರ್ಮನಿಯ ಐಫೆಲ್ ಬೆಟ್ಟಗಳ ನಡುವೆ ನ್ಯೂರ್‌ಬರ್ಗ್‌ರಿಂಗ್ ಅಂತ ಒಂದು ಟ್ರ್ಯಾಕು. ಹಳೇ ಉತ್ತರ ಸುತ್ತು 22 ಕಿಲೋಮೀಟರಿಗೂ ಉದ್ದ, ಕಾಡಿನೊಳಗೆ ನುಗ್ಗಿ ಹತ್ತಿ ಇಳಿದು ಬರುವ ರಸ್ತೆ. ಇವತ್ತು ಸಿಮ್ ರೇಸಿಂಗ್ ಆಡುವ ಯಾರನ್ನೇ ಕೇಳಿ, ಈ ಟ್ರ್ಯಾಕನ್ನು ಬಾಯಿಪಾಠ ಒಪ್ಪಿಸ್ತಾರೆ. ಪಿಟ್ ಲೆಕ್ಕದ ಎರಡು ದೊಡ್ಡ ಕಥೆಗಳೂ ಇಲ್ಲೇ ಹುಟ್ಟಿದ್ದು.

ಮೊದಲನೆಯದು 1935ರ ಜರ್ಮನ್ ಗ್ರಾಂಪ್ರಿ. ಹಿಟ್ಲರನ ಜರ್ಮನಿ, ಲಕ್ಷಗಟ್ಟಲೆ ಪ್ರೇಕ್ಷಕರು, ಮರ್ಸಿಡಿಸ್ ಮತ್ತು ಆಟೋ ಯೂನಿಯನ್ ಕಂಪೆನಿಗಳ ಬೆಳ್ಳಿ ಬಣ್ಣದ ದೈತ್ಯ ಕಾರುಗಳು. ಅವುಗಳ ಎದುರಿಗೆ ಇಟಲಿಯ ಟಾಜಿಯೋ ನುವೊಲಾರಿ, ಕೈಯಲ್ಲಿ ಹಳೆಯದಾಗಿದ್ದ ಒಂದು ಆಲ್ಫಾ ರೋಮಿಯೋ. ಮಧ್ಯದಲ್ಲಿ ಪೆಟ್ರೋಲಿಗೆ ನಿಂತಾಗ ನುವೊಲಾರಿಯ ಪಿಟ್ಟಿನಲ್ಲಿ ಪಂಪಿನ ಹಿಡಿಕೆಯೇ ಮುರಿಯಿತು. ಕ್ಯಾನುಗಳಿಂದ ಸುರಿಯಬೇಕಾಯಿತು. ಬೇರೆಯವರು ಒಂದು ನಿಮಿಷ ಆಸುಪಾಸಿನಲ್ಲಿ ಮುಗಿಸಿಕೊಂಡು ಹೋದ ಕೆಲಸಕ್ಕೆ ಇವನಿಗೆ ಎರಡು ನಿಮಿಷದ ಮೇಲೆ ಹಿಡಿಯಿತು. ಮುಗೀತು ಕಥೆ ಅಂತ ಎಲ್ಲರೂ ಅಂದುಕೊಂಡರು.

ಮುಗಿಯಲಿಲ್ಲ. ಒಬ್ಬೊಬ್ಬರನ್ನೇ ದಾಟಿಕೊಂಡು ಎರಡನೇ ಸ್ಥಾನಕ್ಕೆ ಬಂದ. ಮುಂದೆ ಉಳಿದವನು ಮರ್ಸಿಡಿಸ್‌ನ ಮ್ಯಾನ್‌ಫ್ರೆಡ್ ಫಾನ್ ಬ್ರೌಖಿಚ್ ಒಬ್ಬನೇ. ಅವನ ಟೈರು ಸವೆದು ಹೋಗಿತ್ತು. ನಿಂತು ಟೈರು ಬದಲಿಸಿದರೆ ಮುನ್ನಡೆ ಹೋಗುತ್ತೆ, ನಿಲ್ಲದಿದ್ದರೆ ಟೈರು ಹೋಗಬಹುದು. ಮರ್ಸಿಡಿಸ್ ತಂಡದ ಮ್ಯಾನೇಜರ್ ಆಲ್‌ಫ್ರೆಡ್ ನಾಯ್‌ಬವರ್ ಸಾಮಾನ್ಯನಲ್ಲ, ಪಿಟ್ಟಿನಿಂದ ಚಾಲಕನಿಗೆ ಹಲಗೆ ತೋರಿಸಿ ಸುದ್ದಿ ಕೊಡುವ ಪದ್ಧತಿಯನ್ನು ಬೆಳೆಸಿದ್ದೇ ಅವನು ಅಂತಾರೆ. ಆದರೂ ಅವತ್ತು ಕಾರನ್ನು ಒಳಗೆ ಕರೆಯಲಿಲ್ಲ. ಕೊನೇ ಸುತ್ತಿನಲ್ಲಿ ಟೈರು ಸಿಡಿಯಿತು. ನುವೊಲಾರಿ ಗೆದ್ದ. ಇನ್ನೊಂದೇ ಒಂದು ಸುತ್ತು ತಡೆಯುತ್ತೆ ಅನ್ನೋ ಆಸೆ ಇದೆಯಲ್ಲ, ಅದಕ್ಕೆ ಅವತ್ತಿನಿಂದ ಇವತ್ತಿನವರೆಗೆ ಎಷ್ಟು ಜನ ಬಲಿಯಾಗಿದ್ದಾರೋ ಲೆಕ್ಕ ಇಟ್ಟವರಿಲ್ಲ!

ಎರಡನೆಯದು 1957, ಅದೇ ಟ್ರ್ಯಾಕು, ಆಗಸ್ಟ್ 4. ಅರ್ಜೆಂಟೀನಾದ ಹುವಾನ್ ಮ್ಯಾನುಯೆಲ್ ಫಾಂಜಿಯೋಗೆ ಆಗ 46 ವರ್ಷ. ಫೆರಾರಿಯ ಮೈಕ್ ಹಾಥಾರ್ನ್ ಮತ್ತು ಪೀಟರ್ ಕಾಲಿನ್ಸ್ ಪೂರ್ತಿ ಟ್ಯಾಂಕು ತುಂಬಿಸಿಕೊಂಡು, ಗಟ್ಟಿ ಟೈರು ಹಾಕಿಕೊಂಡು, 22 ಸುತ್ತೂ ನಿಲ್ಲದೆ ಓಡುವ ಯೋಚನೆಯಲ್ಲಿದ್ದರು. ಫಾಂಜಿಯೋ ಮತ್ತು ಅವನ ಮಾಸೆರಾಟಿ ತಂಡ ಉಲ್ಟಾ ಲೆಕ್ಕ ಹಾಕಿದರು. ಅರ್ಧ ಟ್ಯಾಂಕು, ಮೆದು ಟೈರು. ಕಾರು ಹಗುರ, ಹಿಡಿತ ಜಾಸ್ತಿ. ನಿಲ್ಲುವ ಹೊತ್ತಿಗೆ ಅರ್ಧ ನಿಮಿಷದ ಮುನ್ನಡೆ ಸಂಪಾದಿಸಿದರೆ ನಿಂತು ಎದ್ದರೂ ಮುಂದೇ ಇರಬಹುದು. ಇವತ್ತು ನಾವು ಪಿಟ್ ಸ್ಟ್ರಾಟೆಜಿ ಅಂತ ಯಾವುದನ್ನು ಕರೀತೀವೋ ಅದು ಅಲ್ಲಿ ಪೂರ್ತಿಯಾಗಿ ಇದೆ ನೋಡಿ. ಒಂದಂಶವೂ ಬಾಕಿ ಇಲ್ಲ.

ಲೆಕ್ಕ ಸರಿಯಾಗೇ ಇತ್ತು. 12ನೇ ಸುತ್ತಿನ ಕೊನೆಗೆ ಒಳಗೆ ಬಂದಾಗ ಅರ್ಧ ನಿಮಿಷದ ಹತ್ತಿರ ಮುಂದಿದ್ದ. ಆದರೆ ಮೆಕ್ಯಾನಿಕ್ಕುಗಳು ತಡವರಿಸಿದರು, ಚಕ್ರದ ನಟ್ಟು ಉರುಳಿ ಕಾರಿನಡಿ ಸೇರಿಕೊಂಡಿತು ಅನ್ನೋ ಕಥೆಯೂ ಇದೆ. ಹೊರಗೆ ಹೋಗುವಾಗ ಮೂರನೇ ಸ್ಥಾನ, ಮುಕ್ಕಾಲು ನಿಮಿಷದಷ್ಟು ಹಿಂದೆ. ಆಮೇಲೆ ಆ ಮನುಷ್ಯ ಓಡಿಸಿದ್ದನ್ನು ಓದಿದರೆ ಈಗಲೂ ಮೈ ಜುಂ ಅನ್ನುತ್ತೆ. ಸುತ್ತಿನ ದಾಖಲೆಯನ್ನು ಮತ್ತೆ ಮತ್ತೆ ಮುರಿದ. 20ನೇ ಸುತ್ತು 9 ನಿಮಿಷ 17.4 ಸೆಕೆಂಡು, ಅವನದೇ ಪೋಲ್ ಸಮಯಕ್ಕಿಂತ ಎಂಟು ಸೆಕೆಂಡು ಕಡಿಮೆ! 21ನೇ ಸುತ್ತಿನಲ್ಲಿ ಇಬ್ಬರನ್ನೂ ದಾಟಿ, ಮೂರೂವರೆ ಸೆಕೆಂಡಿನಷ್ಟು ಅಂತರದಲ್ಲಿ ಗೆದ್ದ. ಅದೇ ಅವನ ಐದನೇ ವಿಶ್ವ ಚಾಂಪಿಯನ್‌ಶಿಪ್, ಅದೇ ಅವನ ಕೊನೆಯ ಗ್ರಾಂಪ್ರಿ ಗೆಲುವು.

ಅದರ ಮರುವರ್ಷ, 1958ರಲ್ಲಿ, ಗ್ರಾಂಪ್ರಿಗಳ ಉದ್ದವನ್ನು ಕಡಿಮೆ ಮಾಡಿದರು. ಒಂದು ಟ್ಯಾಂಕಿಗೆ ರೇಸ್ ಮುಗಿಯತೊಡಗಿದ ಮೇಲೆ ಲೆಕ್ಕಕ್ಕೆ ಕೆಲಸ ಇಲ್ಲದಾಯಿತು. ಆದರೆ ಅಟ್ಲಾಂಟಿಕ್‌ನ ಆಚೆ ಕಡೆ ಅದು ಜೀವಂತವಾಗಿತ್ತು. ಇಂಡಿಯಾನಾಪೊಲಿಸ್‌ನ 800 ಕಿಲೋಮೀಟರ್ ರೇಸ್ ನಿಲ್ಲದೆ ಮುಗಿಯೋದಲ್ಲ. 1965ರಲ್ಲಿ ಜಿಮ್ ಕ್ಲಾರ್ಕ್‌ನ ಲೋಟಸ್ ಕಾರಿಗೆ ಪಿಟ್ ಕೆಲಸ ಮಾಡಲು ವರ್ಜೀನಿಯಾದಿಂದ ವುಡ್ ಸಹೋದರರನ್ನು ಕರೆಸಿದರು. ನ್ಯಾಸ್ಕಾರ್ ರೇಸುಗಳಲ್ಲಿ ಕಾರನ್ನು ಎಬ್ಬಿಸಿ, ಚಕ್ರ ಬಿಚ್ಚಿ, ಹಾಕಿ ಕಳಿಸೋದನ್ನು ಒಂದು ಕವಾಯತಿನ ಹಾಗೆ ಅಭ್ಯಾಸ ಮಾಡಿದ್ದ ಮನೆತನ ಅದು. ಕ್ಲಾರ್ಕ್ ಎರಡೇ ಸಲ ನಿಂತ. ಎರಡೂ ಸೇರಿ ಒಂದು ನಿಮಿಷವೂ ಆಗಲಿಲ್ಲ. ಕ್ಲಾರ್ಕ್ ಗೆದ್ದದ್ದು ಎಲ್ಲರಿಗೂ ನೆನಪಿದೆ, ಹೋಸು ಹಿಡಿದವರ ಹೆಸರು ಹುಡುಕಿದರೆ ಮಾತ್ರ ಸಿಗುತ್ತೆ.

ಫಾರ್ಮುಲಾ ಒನ್‌ಗೆ ಈ ಲೆಕ್ಕವನ್ನು ವಾಪಸ್ ತಂದವನು ಬ್ರಾಭಮ್ ತಂಡದ ವಿನ್ಯಾಸಕ ಗಾರ್ಡನ್ ಮರ್ರೇ, 1982ರಲ್ಲಿ. ಆಗ ಟರ್ಬೊ ಎಂಜಿನ್ನುಗಳ ಕಾಲ, ಪೆಟ್ರೋಲು ಕುಡಿಯೋದರಲ್ಲಿ ಆನೆಗಳು. ಪೂರ್ತಿ ತುಂಬಿದ ಟ್ಯಾಂಕಿನ ಭಾರ ಹೊತ್ತುಕೊಂಡು ಓಡೋ ಬದಲು ಅರ್ಧ ತುಂಬಿಸಿ, ಮೆದು ಟೈರು ಹಾಕಿ ಓಡಿಸಿ, ಮಧ್ಯದಲ್ಲಿ ನಿಲ್ಲಿಸಿದರೆ? ಫಾಂಜಿಯೋ ಲೆಕ್ಕವೇ. ಮರ್ರೇ ಸೇರಿಸಿದ್ದು ಎಂಜಿನಿಯರಿಂಗು. ಒತ್ತಡದಲ್ಲಿ ಪೆಟ್ರೋಲು ನುಗ್ಗಿಸುವ ಯಂತ್ರ ಮಾಡಿಸಿದ. ತಣ್ಣಗಿನ ಹೊಸ ಟೈರಿಗೆ ಹಿಡಿತ ಬರಲು ಹೊತ್ತು ಹಿಡಿಯುತ್ತೆ ಅಂತ ಅವನ್ನು ಒಂದು ಪೆಟ್ಟಿಗೆಯೊಳಗಿಟ್ಟು ಮೊದಲೇ ಬಿಸಿ ಮಾಡಿಸಿದ. ತಮಾಷೆ ಅಂದರೆ ಬ್ರಿಟಿಷ್ ಗ್ರಾಂಪ್ರಿಯಲ್ಲಿ ಎಲ್ಲ ಸಿದ್ಧ ಮಾಡಿಕೊಂಡು ಕಾದರೆ, ಎರಡು ಕಾರುಗಳಲ್ಲಿ ಒಂದೂ ಪಿಟ್ಟಿನ ಹೊತ್ತಿನ ತನಕ ಉಳಿಯಲಿಲ್ಲ! ಕೊನೆಗೆ ಆಸ್ಟ್ರಿಯಾದಲ್ಲಿ ರಿಕಾರ್ಡೊ ಪ್ಯಾಟ್ರೇಸಿ ಮುನ್ನಡೆಯಲ್ಲಿದ್ದಾಗಲೇ ಒಳಗೆ ಬಂದ, ತುಂಬಿಸಿಕೊಂಡ, ಹೊರಗೆ ಹೋದಾಗಲೂ ಮುಂದೇ ಇದ್ದ. ಆಮೇಲೆ ಎಂಜಿನ್ ಹೋಯಿತು, ಆ ಮಾತು ಬೇರೆ. ಲೆಕ್ಕ ಮಾತ್ರ ಪಾಸಾಗಿತ್ತು. 1983ರಲ್ಲಿ ಎಲ್ಲರೂ ಅದನ್ನೇ ಮಾಡಿದರು, ಬ್ರಾಭಮ್‌ನ ನೆಲ್ಸನ್ ಪಿಕೆ ಚಾಂಪಿಯನ್ ಆದ. ಈ ಹೆಸರು ನೆನಪಿಟ್ಟುಕೊಳ್ಳಿ, ಇವನ ಮಗ ಮುಂದೆ ಬರ್ತಾನೆ.

1984ಕ್ಕೆ ಪೆಟ್ರೋಲು ತುಂಬೋದನ್ನು ನಿಷೇಧಿಸಿದರು. ಹತ್ತು ವರ್ಷ ಬಿಟ್ಟು 1994ರಲ್ಲಿ ವಾಪಸ್ ತಂದರು. ಅದೇ ವರ್ಷ ಹಾಕನ್‌ಹೈಮ್‌ನಲ್ಲಿ ಯೋಸ್ ವರ್‌ಸ್ಟಾಪನ್‌ನ ಕಾರಿಗೆ ತುಂಬುವಾಗ ಪೆಟ್ರೋಲು ಚೆಲ್ಲಿ, ಒಂದು ಕ್ಷಣದಲ್ಲಿ ಕಾರೂ ಜನವೂ ಬೆಂಕಿಯ ಚೆಂಡಾದ ಚಿತ್ರ ನೀವು ನೋಡಿರಬಹುದು. ಎಲ್ಲರೂ ಬದುಕಿದ್ದು ಪುಣ್ಯ. (ಇವನ ಮಗನೂ ಮುಂದೆ ಬರ್ತಾನೆ. ಈ ಕಥೆ ಪೂರ್ತಿ ಅಪ್ಪ ಮಕ್ಕಳದ್ದೇ ಆಗಿಬಿಟ್ಟಿದೆ :) )

ನಂತರದ ಹದಿನೈದು ವರ್ಷ ಲೆಕ್ಕದವರ ಸುವರ್ಣಯುಗ. 1998ರ ಹಂಗೇರಿಯಲ್ಲಿ ಮೆಕ್‌ಲಾರೆನ್ ಕಾರುಗಳನ್ನು ದಾಟಲು ದಾರಿಯೇ ಇರಲಿಲ್ಲ, ಅಷ್ಟು ಇಕ್ಕಟ್ಟಿನ ಟ್ರ್ಯಾಕು. ಫೆರಾರಿಯ ರಾಸ್ ಬ್ರಾನ್ ಓಟದ ನಡುವೆಯೇ ಶುಮಾಕರ್‌ನನ್ನು ಎರಡರ ಬದಲು ಮೂರು ನಿಲುಗಡೆಗೆ ಬದಲಾಯಿಸಿದ. 19 ಸುತ್ತಿನಲ್ಲಿ 25 ಸೆಕೆಂಡು ಸಂಪಾದಿಸು ಅಂತ ರೇಡಿಯೋದಲ್ಲಿ ಹೇಳಿದ. ಅಂದರೆ ಪ್ರತಿ ಸುತ್ತಿಗೆ 1.3 ಸೆಕೆಂಡು ಎದುರಾಳಿಗಿಂತ ಬೇಗ. ಶುಮಾಕರ್ ಸಂಪಾದಿಸಿದ, ಗೆದ್ದ. 2004ರ ಫ್ರಾನ್ಸಿನಲ್ಲಿ ನಾಲ್ಕು ಸಲ ನಿಂತು ಗೆದ್ದ. ನಾಲ್ಕು ಸಲ ನಿಂತವನು ಮೂರು ಸಲ ನಿಂತ ಅಲಾನ್ಸೋಗಿಂತ ಮುಂದೆ ಹೇಗೆ? ಮಾನಿ ಕೂರ್ ಟ್ರ್ಯಾಕಿನ ಪಿಟ್ ದಾರಿ ಗಿಡ್ಡ, ನಿಂತರೆ ಆಗುವ ನಷ್ಟ ಕಡಿಮೆ. ನಮ್ಮ ರಾತ್ರಿ ಬಸ್ಸು ಹೈವೇ ಪಕ್ಕದ ಹೋಟೆಲಿನಲ್ಲಿ ನಿಲ್ಲೋದಕ್ಕೂ, ಊರೊಳಗೆ ಬಸ್ ಸ್ಟ್ಯಾಂಡಿಗೆ ಹೋಗಿ ಬರೋದಕ್ಕೂ ಇರುವ ವ್ಯತ್ಯಾಸ ಇದ್ದ ಹಾಗೆ.

2005ರಲ್ಲಿ ಇನ್ನೊಂದು ಕಿತಾಪತಿ ಮಾಡಿದರು. ಪೆಟ್ರೋಲು ತುಂಬಬಹುದು, ಟೈರು ಬದಲಿಸುವಂತಿಲ್ಲ, ಇಡೀ ರೇಸಿಗೆ ಒಂದೇ ಜೊತೆ. ಜೂನ್ 19ಕ್ಕೆ ಇಂಡಿಯಾನಾಪೊಲಿಸ್‌ನ ಓರೆ ತಿರುವಿನಲ್ಲಿ ಮಿಶೆಲಿನ್ ಟೈರುಗಳು ತಡೆಯೋದಿಲ್ಲ ಅಂತ ಗೊತ್ತಾಗಿ, ಅವನ್ನು ಹಾಕಿದ್ದ 14 ಕಾರುಗಳು ಫಾರ್ಮೇಶನ್ ಸುತ್ತು ಮುಗಿಸಿ ಸೀದಾ ಗ್ಯಾರೇಜಿಗೆ ಹೋದವು. ಓಡಿದ್ದು ಆರೇ ಕಾರು. ಅದರಲ್ಲಿ ಜೋರ್ಡನ್ ತಂಡದ ನಮ್ಮ ನಾರಾಯಣ್ ಕಾರ್ತಿಕೇಯನ್ ನಾಲ್ಕನೆಯವನಾಗಿ 5 ಅಂಕ ಗಳಿಸಿದ, ಫಾರ್ಮುಲಾ ಒನ್‌ನಲ್ಲಿ ಭಾರತೀಯನೊಬ್ಬನ ಮೊದಲ ಅಂಕಗಳು. ಆರೇ ಜನ ಓಡಿದ್ದರಲ್ಲವಾ ಅಂತ ಮೂಗು ಮುರಿಯೋರು ಮುರಿಯಲಿ. ಟೈರು ಉಳಿಸಿಕೊಂಡು ಕೊನೆ ಮುಟ್ಟೋದೂ ರೇಸಿನ ಭಾಗವೇ ತಾನೇ?

ಈಗ ಮೋಸದ ಕಥೆ. 2008ರ ಸೆಪ್ಟೆಂಬರ್ 28, ಸಿಂಗಪುರದ ಮೊದಲ ರಾತ್ರಿ ರೇಸು. ಆಗಿನ ನಿಯಮದ ಪ್ರಕಾರ ಅಪಘಾತವಾಗಿ ಸೇಫ್ಟಿ ಕಾರ್ ಬಂದ ಕೂಡಲೇ ಪಿಟ್ಟು ಮುಚ್ಚುತ್ತಿತ್ತು. ಅಷ್ಟರೊಳಗೆ ಪೆಟ್ರೋಲು ತುಂಬಿಸಿಕೊಂಡವನು ರಾಜ, ಮಿಕ್ಕವರು ಪೇಚಿಗೆ. 15ನೇ ಜಾಗದಿಂದ ಹೊರಟಿದ್ದ ರೆನೋ ತಂಡದ ಅಲಾನ್ಸೋ 12ನೇ ಸುತ್ತಿಗೇ ಒಳಗೆ ಬಂದ. ಇಷ್ಟು ಬೇಗ ಯಾಕೆ ಅಂತ ಜನ ಹುಬ್ಬೇರಿಸಿದರು. ಸ್ವಲ್ಪ ಹೊತ್ತಿಗೆ, 14ನೇ ಸುತ್ತಿನಲ್ಲಿ, ಅದೇ ತಂಡದ ಇನ್ನೊಂದು ಕಾರು ಗೋಡೆಗೆ ಬಡಿಯಿತು. ಸೇಫ್ಟಿ ಕಾರ್ ಬಂತು. ಅಲಾನ್ಸೋ ಗೆದ್ದ. ಗೋಡೆಗೆ ಬಡಿದ ಹುಡುಗ ನೆಲ್ಸನ್ ಪಿಕೆ ಜೂನಿಯರ್, 1983ರಲ್ಲಿ ಚಾಂಪಿಯನ್ ಆದವನ ಮಗ.

2009ರಲ್ಲಿ ತಂಡದ ಜತೆ ಸಂಬಂಧ ಹಳಸಿದ ಮೇಲೆ ಪಿಕೆ ಕುಟುಂಬ ಬಾಯಿ ಬಿಟ್ಟಿತು, ತಂಡದವರು ಹೇಳಿಯೇ ಗುದ್ದಿಸಿದ್ದು ಅಂತ. ರೆನೋ ತಂಡ ಆರೋಪವನ್ನು ಎದುರಿಸಲಿಲ್ಲ. ಮುಖ್ಯಸ್ಥ ಫ್ಲಾವಿಯೊ ಬ್ರಿಯಾಟೋರೆಗೆ ಅನಿರ್ದಿಷ್ಟ ನಿಷೇಧ, ಎಂಜಿನಿಯರ್ ಪ್ಯಾಟ್ ಸಿಮಂಡ್ಸ್‌ಗೆ ಐದು ವರ್ಷ. 2010ರ ಜನವರಿಯಲ್ಲಿ ಫ್ರಾನ್ಸಿನ ನ್ಯಾಯಾಲಯ ಆ ನಿಷೇಧಗಳನ್ನು ರದ್ದು ಮಾಡಿತು. ಅಲಾನ್ಸೋಗೆ ವಿಷಯ ಗೊತ್ತಿತ್ತು ಅನ್ನೋದಕ್ಕೆ ಆಧಾರ ಸಿಗಲಿಲ್ಲ. ಆದರೆ ಆ ರಾತ್ರಿ ಮುನ್ನಡೆಯಲ್ಲಿದ್ದ ಫೆಲಿಪೆ ಮಾಸಾ, ಆ ಸೇಫ್ಟಿ ಕಾರಿನ ಗಡಿಬಿಡಿಯಲ್ಲಿ ಪೆಟ್ರೋಲಿನ ಹೋಸನ್ನೇ ಎಳೆದುಕೊಂಡು ಹೊರಟು ಎಲ್ಲ ಕಳೆದುಕೊಂಡ. ಆ ವರ್ಷದ ಚಾಂಪಿಯನ್‌ಶಿಪ್ ಅವನ ಕೈ ತಪ್ಪಿದ್ದು ಒಂದೇ ಅಂಕದಿಂದ. 2024ರಲ್ಲಿ ಅವನು ಲಂಡನ್ನಿನ ಹೈಕೋರ್ಟಿಗೆ ದಾವೆ ಹೂಡಿದ. ಹದಿನಾರು ವರ್ಷ ಒಂದು ಪಿಟ್ ಸ್ಟಾಪನ್ನು ಎದೆಯಲ್ಲಿ ಇಟ್ಟುಕೊಂಡು ಬದುಕೋದು ಅಂದರೆ ಹೇಗಿರಬಹುದು ಅಂತ ಯೋಚಿಸ್ತೀನಿ.

2010ರಿಂದ ಪೆಟ್ರೋಲು ತುಂಬೋದು ಮತ್ತೆ ನಿಂತಿತು. ಉಳಿದಿದ್ದು ಟೈರು ಮಾತ್ರ. ಇದರಿಂದ ಒಂದು ಸ್ವಾರಸ್ಯದ ತಿರುವು ಆಯಿತು. ತುಂಬೋ ಕಾಲದಲ್ಲಿ ತಡವಾಗಿ ನಿಂತವನಿಗೆ ಲಾಭ, ಯಾಕಂದರೆ ಎದುರಾಳಿ ತುಂಬಿಸಿಕೊಂಡು ಭಾರವಾಗಿ ಹೊರಟಿರುವಾಗ ಇವನು ಖಾಲಿ ಟ್ಯಾಂಕಿನಲ್ಲಿ ಹಗುರಾಗಿ ಒಂದೆರಡು ಸುತ್ತು ಹಾರಿಸಬಹುದು. ಟೈರು ಮಾತ್ರ ಉಳಿದಾಗ ಬೇಗ ನಿಂತವನಿಗೆ ಲಾಭ, ಹೊಸ ಟೈರಿನ ಹಿಡಿತದಿಂದ ಹಳೇ ಟೈರಿನವನನ್ನು ಹಿಂದಿಕ್ಕಬಹುದು. ಇದೇ ಅಂಡರ್‌ಕಟ್ಟು. ಒಂದೇ ಪ್ರಶ್ನೆಗೆ ನಿಯಮ ಬದಲಾದ ಮಾತ್ರಕ್ಕೆ ತದ್ವಿರುದ್ಧ ಉತ್ತರ! ಇನ್ನು ಬೆಂಗಳೂರಿನ ವಿಜಯ್ ಮಲ್ಯರ ಫೋರ್ಸ್ ಇಂಡಿಯಾ ತಂಡ (2008ರಿಂದ 2018) ಇದೇ ಟೈರಿನ ಮೇಲೆ ಒಂದು ಒಳ್ಳೆ ಜೂಜು ಆಡಿದ್ದಿದೆ. 2015ರ ರಷ್ಯಾದಲ್ಲಿ ಸೆರ್ಗಿಯೊ ಪೆರೆಜ್ ಸೇಫ್ಟಿ ಕಾರಿನ ಹೊತ್ತಿನಲ್ಲಿ ಬೇಗ ನಿಂತು, ಸುಮಾರು 40 ಸುತ್ತು ಒಂದೇ ಜೊತೆ ಟೈರನ್ನು ಜೋಪಾನ ಮಾಡಿಕೊಂಡು ಮೂರನೆಯವನಾದ. ಕೊನೆಯಲ್ಲಿ ಇಬ್ಬರು ಅವನನ್ನು ದಾಟಿದ್ದರು, ಆದರೆ ಆ ಇಬ್ಬರೂ ಒಬ್ಬರಿಗೊಬ್ಬರು ಗುದ್ದಿಕೊಂಡರು. ಅದೃಷ್ಟವೂ ಬೇಕು ಸ್ವಾಮಿ.

ಸರಿ, ಇದೆಲ್ಲ ಮನೆಯ ಮೇಜಿನ ಮೇಲಕ್ಕೆ ಬಂದದ್ದು ಹೇಗೆ? 1989ರಲ್ಲಿ ಅಮೆರಿಕದ ಪ್ಯಾಪಿರಸ್ ಅನ್ನೋ ಪುಟ್ಟ ಕಂಪೆನಿ ಇಂಡಿಯಾನಾಪೊಲಿಸ್ ರೇಸಿನ ಒಂದು ಆಟ ಮಾಡಿತು. ಡೇವಿಡ್ ಕೇಮರ್ ಮತ್ತು ಒಮರ್ ಖುದಾರಿ ಅದರ ಸ್ಥಾಪಕರು. ಅವತ್ತಿನ ಕಾರ್ ಆಟಗಳಲ್ಲಿ ಪೆಟ್ರೋಲು ಮುಗಿಯುವ ಮಾತೇ ಬಹುಮಟ್ಟಿಗೆ ಇರಲಿಲ್ಲ, ಗುದ್ದಿದರೆ ಎದ್ದು ಮತ್ತೆ ಓಡೋದು. ಇದರಲ್ಲಿ ಪೂರ್ತಿ 200 ಸುತ್ತು ಓಡಿಸಬಹುದಿತ್ತು, ಪೆಟ್ರೋಲು ಮುಗಿಯುತ್ತಿತ್ತು, ಟೈರು ಸವೆಯುತ್ತಿತ್ತು, ಹಳದಿ ಬಾವುಟ ಬೀಸುತ್ತಿದ್ದರು. ಅಂದರೆ ಲೆಕ್ಕ ಹಾಕದೆ ಗೆಲ್ಲಲಾಗದ ಆಟ. ಇಂಗ್ಲೆಂಡಿನಲ್ಲಿ ಜೆಫ್ ಕ್ರಾಮಂಡ್ ಫಾರ್ಮುಲಾ ಒನ್ ಆಟ ಬರೆದ. 1996ರ ಅವನ ಎರಡನೇ ಆಟ 1994ರ ಋತುವಿನದು, ಪೆಟ್ರೋಲು ವಾಪಸ್ ಬಂದ ವರ್ಷ. ರೆಡಿಯೋ, ರೇಡಿಯೋದಲ್ಲಿ ಕೂಗೋ ರಾಸ್ ಬ್ರಾನೋ ಇಲ್ಲದೆ ಆಡುವವನೇ ಎಲ್ಲ ತೀರ್ಮಾನಿಸಬೇಕು.

ಆದರೆ ಕಂಪ್ಯೂಟರ್ ಎದುರಾಳಿಗೆ ಮೋಸ ಮಾಡೋದರಲ್ಲಿ ಏನು ಸುಖ? ಎದುರಿಗೆ ಮನುಷ್ಯ ಇರಬೇಕು. ಪ್ಯಾಪಿರಸ್‌ನ ನ್ಯಾಸ್ಕಾರ್ ಆಟಗಳು ಮೋಡೆಮ್ಮಿನ ಕಾಲದಿಂದಲೇ ಆ ದಾರಿ ಹಿಡಿದವು. ಅದರ ಕೊನೆಯ ಆಟ ಬಂದದ್ದು 2003ರಲ್ಲಿ. ಕಂಪೆನಿ ಮುಚ್ಚಿದ ಮೇಲೂ ಜನ ವರ್ಷಗಟ್ಟಲೆ ಅದರಲ್ಲೇ ಲೀಗ್ ಕಟ್ಟಿಕೊಂಡು ವಾರವಾರ ಓಡಿದರು. 2005ರಲ್ಲಿ ಆರ್‌ಫ್ಯಾಕ್ಟರ್ ಬಂತು. ಅದೇ ಕೇಮರ್ 2008ರಲ್ಲಿ ಐರೇಸಿಂಗ್ ಶುರು ಮಾಡಿದ. ಆಮೇಲೆ ಒಂದೇ ಕಾರನ್ನು ಮೂರ್ನಾಲ್ಕು ದೇಶಗಳಲ್ಲಿ ಕೂತ ಮೂರ್ನಾಲ್ಕು ಜನ ಸರದಿಯಲ್ಲಿ ಓಡಿಸುವ 24 ಗಂಟೆಯ ರೇಸುಗಳೂ ಬಂದವು.

ಸಿಮ್‌ನ ಲೆಕ್ಕಕ್ಕೂ ನಿಜದ ಲೆಕ್ಕಕ್ಕೂ ಒಂದು ದೊಡ್ಡ ಫರಕು ಇದೆ. ಸಿಮ್‌ನಲ್ಲಿ ಮೆಕ್ಯಾನಿಕ್ ತಡವರಿಸೋದು ಅಪರೂಪ. ನಟ್ಟು ಉರುಳೋದಿಲ್ಲ, ಪಂಪಿನ ಹಿಡಿಕೆ ಮುರಿಯೋದಿಲ್ಲ. 46 ಲೀಟರಿಗೆ ಇಷ್ಟು ಸೆಕೆಂಡು ಅಂದರೆ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಅನಿಶ್ಚಿತತೆ ಎಲ್ಲ ಆಡುವವನ ಕಾಲಿನಲ್ಲಿ ಬಂದು ಕೂರುತ್ತೆ. ಇನ್ನೊಬ್ಬನ ಬೆನ್ನಿಗೆ ಅಂಟಿಕೊಂಡು ಗಾಳಿಯ ಮರೆಯಲ್ಲಿ ಹೋದರೆ ಕಡಿಮೆ ಕುಡಿಯುತ್ತೆ, ಒಂಟಿಯಾಗಿ ಮುಂದಿದ್ದರೆ ಜಾಸ್ತಿ. ಅಭ್ಯಾಸದಲ್ಲಿ ಬಂದ 2.8, ರೇಸಿನಲ್ಲಿ 2.9 ಆಗಬಹುದು. ಫಾರ್ಮೇಶನ್ ಸುತ್ತಿನಲ್ಲಿ ಖರ್ಚಾಗೋದನ್ನು ಲೆಕ್ಕಕ್ಕೆ ಹಿಡಿಯದೆ ಕೊನೇ ತಿರುವಿನಲ್ಲಿ ನಿಂತವರಿಗೆ ಬರವಿಲ್ಲ.

ಸಮಯದ ರೇಸು ಆದರೆ ಇನ್ನೂ ತಮಾಷೆ. 60 ನಿಮಿಷ ಅಂದರೆ 3600 ಸೆಕೆಂಡು. ಮುಂದಿರುವವನು ಪಿಟ್ಟಿಗೆ 30 ಸೆಕೆಂಡು ಕಳೆದು, ಸುತ್ತಿಗೆ 105 ಸೆಕೆಂಡು ತಗೊಂಡರೆ ಸರಿಯಾಗಿ 34 ಸುತ್ತು. ಅವನು ಗಡಿಯಾರ ಸೊನ್ನೆ ಆಗೋ ಒಂದು ಸೆಕೆಂಡು ಮೊದಲು ಗೆರೆ ದಾಟಿದನೋ, ಎಲ್ಲರೂ ಇನ್ನೊಂದು ಸುತ್ತು ಓಡಬೇಕು. ಅಂದರೆ ನಿಮ್ಮ ಟ್ಯಾಂಕಿಗೆ ಎಷ್ಟು ಹಾಕಬೇಕು ಅನ್ನೋದನ್ನು ತೀರ್ಮಾನಿಸೋದು ನೀವಲ್ಲ, ಮುಂದಿರುವ ಯಾರೋ ಒಬ್ಬ ಎಷ್ಟು ಜೋರಾಗಿ ಓಡಿಸ್ತಾನೆ ಅನ್ನೋದು!

ಇನ್ನು ಉಳಿತಾಯದ ಲೆಕ್ಕ. ಅದೇ ಕಾರು, 90 ಸುತ್ತು. ಬೇಕಾದ್ದು 252 ಲೀಟರ್. ಮೂರು ಟ್ಯಾಂಕು ಅಂದರೆ 240. ಬರೀ 12 ಲೀಟರಿಗೆ ಮೂರನೇ ಸಲ ನಿಲ್ಲಬೇಕು, ನಷ್ಟ ಸುಮಾರು 28 ಸೆಕೆಂಡು ಅಂತಿಟ್ಟುಕೊಳ್ಳಿ. ಬದಲಿಗೆ ನೇರ ದಾರಿಯ ಕೊನೆಯಲ್ಲಿ ಬ್ರೇಕಿಗೆ ಸ್ವಲ್ಪ ಮೊದಲೇ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸುತ್ತಿಗೆ 2.66 ಲೀಟರಿಗೆ ಇಳಿಸಿದರೆ ಎರಡೇ ನಿಲುಗಡೆ ಸಾಕು. ಹಾಗೆ ಮಾಡಿದ್ದಕ್ಕೆ ಸುತ್ತಿಗೆ ಕಾಲು ಸೆಕೆಂಡು ಹೋದರೆ 90 ಸುತ್ತಿಗೆ ಇಪ್ಪತ್ತೆರಡೂವರೆ. ಐದೂವರೆ ಸೆಕೆಂಡು ಲಾಭ. ನೋಡೋದಕ್ಕೆ ನಿಧಾನ ಓಡಿಸಿದವನೇ ಗೆದ್ದ! ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋದನ್ನು ನಮ್ಮ ಅಜ್ಜಿಯಂದಿರು ಪೆಟ್ರೋಲಿಗೂ ಸೇರಿಸಿಯೇ ಹೇಳಿದ್ದಿರಬೇಕು.

ಈಗ ಕ್ರೂ ಚೀಫ್‌ನಂಥ ಬಿಟ್ಟಿ ತಂತ್ರಾಂಶ ಕಿವಿಯಲ್ಲೇ ಉಸುರುತ್ತೆ, ಪೆಟ್ರೋಲು ಇನ್ನು ಇಷ್ಟು ಸುತ್ತಿಗೆ ಅಂತ. ಹಾಳೆ ಪೆನ್ನು ಮೂಲೆ ಸೇರ್ತಾ ಇದೆ. ಇನ್ನು ಕೆಲವು ಲೀಗುಗಳಲ್ಲಿ ಇಂತಿಂಥ ನಿಮಿಷದೊಳಗೆ ಒಂದು ಸಲ ಕಡ್ಡಾಯವಾಗಿ ನಿಲ್ಲಬೇಕು ಅಂತ ನಿಯಮ ಇಡ್ತಾರೆ. ನನಗೆ ಇದು ಸುತಾರಾಂ ಇಷ್ಟ ಇಲ್ಲ. ಎಲ್ಲರೂ ಒಂದೇ ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ನುಗ್ಗಿದ ಹಾಗೆ ಪಿಟ್ಟಿಗೆ ನುಗ್ತಾರೆ. ನಿಲ್ಲದೇ ಇರುವ ಸ್ವಾತಂತ್ರ್ಯ ಇಲ್ಲದಿದ್ದರೆ ನಿಲ್ಲೋದರಲ್ಲಿ ಬುದ್ಧಿವಂತಿಕೆ ಏನು ಬಂತು?

ಮತ್ತೆ ಮೋಸ? ಅದೂ ಹಿಂದೆಯೇ ಬಂತು. 2020ರಲ್ಲಿ ಕೊರೋನಾದಿಂದ ನಿಜದ ರೇಸುಗಳೆಲ್ಲ ನಿಂತಾಗ ಇಂಡಿಕಾರ್‌ನವರು ಐರೇಸಿಂಗ್‌ನಲ್ಲಿ ಸರಣಿ ನಡೆಸಿದರು. ಮೇ 2, ಇಂಡಿಯಾನಾಪೊಲಿಸ್, ಕೊನೇ ರೇಸು. ಅತಿಥಿಯಾಗಿ ಬಂದಿದ್ದ ಫಾರ್ಮುಲಾ ಒನ್ ಹುಡುಗ ಲ್ಯಾಂಡೋ ನಾರಿಸ್ ಕೊನೆಯ ಸುತ್ತುಗಳಲ್ಲಿ ಮುಂದಿದ್ದ. ಗೆಲುವಿನ ಆಸೆ ಕಳೆದುಕೊಂಡಿದ್ದ ಸೈಮನ್ ಪಜೆನೋ ಅವನ ಎದುರಿಗೇ ವೇಗ ಇಳಿಸಿದ, ನಾರಿಸ್ ಬಂದು ಗುದ್ದಿದ, ಗೆಲುವು ಹೋಯಿತು. ಪಜೆನೋ ಕೊಟ್ಟ ಕಾರಣ ಏನು ಗೊತ್ತೇ? ನಾನು ಪಿಟ್ಟಿಗೆ ಹೋಗ್ತಿದ್ದೆ! ಆದರೆ ಲ್ಯಾಂಡೋನ ಕಥೆ ಮುಗಿಸೋಣ ಅನ್ನೋ ಅರ್ಥದ ಮಾತು ಅವನ ಲೈವ್ ಪ್ರಸಾರದಲ್ಲೇ ಕೇಳಿಸಿಬಿಟ್ಟಿತ್ತು. ಆಮೇಲೆ, ನಿಧಾನ ಮಾಡಿಸೋದಷ್ಟೇ ಉದ್ದೇಶ, ಗುದ್ದಿಸೋದಲ್ಲ ಅಂತ ಸಮಜಾಯಿಷಿ ಕೊಟ್ಟ. 2019ರ ಇಂಡಿಯಾನಾಪೊಲಿಸ್ 500 ಗೆದ್ದ ಮನುಷ್ಯ ಅವನು. ಸಿಂಗಪುರದಲ್ಲಿ ಗುದ್ದಿದವನಿಗೆ ಪ್ರಾಣಾಪಾಯ ಇತ್ತು, ಇಲ್ಲಿ ಕುರ್ಚಿಯಿಂದ ಏಳಬೇಕಾಗಿಯೂ ಇರಲಿಲ್ಲ. ಅದಕ್ಕೇ ಸಿಮ್‌ನಲ್ಲಿ ಇದು ಇನ್ನೂ ಸುಲಭದ ಆಮಿಷ ಅಂತ ನನಗೆ ಅನಿಸೋದು. ಲೀಗ್ ನಡೆಸುವವರು ರಾತ್ರಿ ರೇಸು ಮುಗಿದ ಮೇಲೆ ಗಂಟೆಗಟ್ಟಲೆ ಕೂತು ದೂರುಗಳ ವಿಡಿಯೋ ನೋಡೋದು ಸುಮ್ಮನೆ ಅಲ್ಲ.

ಇನ್ನು ಉಳಿದವನು ಬೆಂಕಿಯಿಂದ ಪಾರಾದ ಯೋಸ್‌ನ ಮಗ. ಮ್ಯಾಕ್ಸ್ ವರ್‌ಸ್ಟಾಪನ್ ವಿಶ್ವ ಚಾಂಪಿಯನ್ ಆದ ಮೇಲೂ ಸಿಮ್ ಬಿಟ್ಟವನಲ್ಲ. 2020ರ ಜೂನ್‌ನಲ್ಲಿ ಆರ್‌ಫ್ಯಾಕ್ಟರ್ 2ರ ಮೇಲೆ ಮೊದಲ ಸಲ ಲೆ ಮಾನ್ಸ್ 24 ಗಂಟೆಯ ಸಿಮ್ ರೇಸ್ ನಡೆಯಿತು, 50 ಕಾರು, 200 ಚಾಲಕರು. 2023ರ ಜನವರಿಯಲ್ಲಿ ಮತ್ತೆ ನಡೆದಾಗ ಮ್ಯಾಕ್ಸ್‌ನ ಕಾರು ಮುನ್ನಡೆಯಲ್ಲಿತ್ತು. ನಿಲುಗಡೆಗಳು, ಟೈರು, ಸರದಿ, ಎಲ್ಲ ಲೆಕ್ಕದ ಪ್ರಕಾರ. ಅಷ್ಟರಲ್ಲಿ ಸರ್ವರಿನ ಸಂಪರ್ಕ ಕಡಿದು ಹೋಯಿತು. ವಾಪಸ್ ಬರೋ ಹೊತ್ತಿಗೆ ಕಾರು ಎಲ್ಲೋ ಹದಿನೈದರ ಆಸುಪಾಸಿನಲ್ಲಿ. ಅವನು ಆಟ ನಡೆಸಿದವರಿಗೆ ಬಾಯಿಗೆ ಬಂದಂತೆ ಬೈದು, ಕಾರನ್ನು ಪಿಟ್ಟಿಗೆ ತಂದು, ಎದ್ದು ಹೋದ.